ಆಂಗ್ಲ ವಸಂತದ ಕುರಿಮರಿ: ಒಂದು ದೇಶಕಾಲವಿಚಾರ

೧

ಆಂಗ್ಲ ಕವಿಗಳು ವಸಂತಾಗಮನವನ್ನು ವರ್ಣಿಸುವಾಗ ಕುರಿಮರಿಯನ್ನು ಮರೆಯುವುದು ವಿರಳ. ೧೬೦೦ರಲ್ಲಿ ಅಚ್ಚಾದ ಥಾಮಸ್ ನ್ಯಾಷನ ನಾಟಕದೊಳಗಣ ವಸಂತಗೀತದಲ್ಲಿ ಹಕ್ಕಿಗಳ ಉಲಿಯೊಡನೆ ಮರಿಗಳ ಕುಣಿತವೂ ಕುರುಬರ ಕೊಳಲೂ ಸೇರಿವೆ. ೧೭೮೯ರಲ್ಲಿ ಪ್ರಕಟವಾದ ವಿಲಿಯಂ ಬ್ಲೇಕನ ‘ಸಾಂಗ್ಸ್ ಆಫ್ ಇನೊಸೆನ್ಸ್’ ಎಂಬ ಸಂಗ್ರಹದಲ್ಲಿ ಕುರಿಮರಿಯನ್ನೇ ಸಂಬೋಧಿಸುವ ಒಂದು ಕವನವಿದೆ. ಅದೇ ಸಂಗ್ರಹದ ವಸಂತಕವನದಲ್ಲಿಯೂ ಮರಿಯು ಮತ್ತೆ ಕಾಣಿಸಿಕೊಳ್ಳುತ್ತದೆ. ವರ್ಡ್ಸ್‌ವರ್ತ್ ಕವಿಯು ಅಮೃತತ್ವದ ಸೂಚನೆಗಳನ್ನು ಕುರಿತು ಬರೆದು ೧೮೦೭ರಲ್ಲಿ ಪ್ರಕಟಿಸಿದ ಪ್ರಗಾಥದಲ್ಲಿ ಮೇ ತಿಂಗಳ ಬೆಳಗಿನ ಹರ್ಷಕ್ಕೆ ನೆಗೆದಾಡುವ ಮರಿಗಳನ್ನೇ ಸಾಕ್ಷಿಯಾಗಿ ನಿಲ್ಲಿಸಿದ್ದಾನೆ.

ನ್ಯಾಷನ ಗೀತವು ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ (೧೯೨೬) ಎಂಬ ಸಂಗ್ರಹದ ಮೂಲಕ ಕನ್ನಡಿಗರಿಗೆ ಆಪ್ತವಾಯಿತು. ಅನುವಾದದಲ್ಲಿಯೂ ಕುರಿ ಕುರುಬರ ಪ್ರಸ್ತಾಪವು ಉಳಿದುಕೊಂಡಿದೆ. ಆದರೆ ಸಂಸ್ಕೃತ ಕನ್ನಡ ಕಾವ್ಯಗಳ ವಸಂತವರ್ಣನೆಯಲ್ಲಿ ಪಳಗಿದ ಓದುಗನಿಗೆ ಇಲ್ಲಿ ಒಂದು ಶಂಕೆ ಹುಟ್ಟುವುದು ಸಹಜ. ಮಾವಿನ ತಳಿರು, ಕೋಗಿಲೆಯ ಇಂಚರ, ಮಲಯಮಾರುತ, ತುಂಬಿಗಳ ಮೊರೆ, ಅಶೋಕ ಪಲಾಶಗಳ ಕೆಂಪು, ಮನ್ಮಥನ ದಂಡಯಾತ್ರೆ, ಇವು ಈ ನಾಡಿನ ವಸಂತದ ಸಾಮಗ್ರಿಗಳು. ಇವುಗಳ ನಡುವೆ ಕುರಿಮರಿಗೆ ಸ್ಥಾನವಿಲ್ಲ. ಆಂಗ್ಲೇಯರ ಕಕ್ಕೂ ಪಕ್ಷಿಯು ಈ ದೇಶದ ಕೋಗಿಲೆಯಲ್ಲವಾದರೂ ಎರಡೂ ಒಂದೇ ಕುಲದವಾದುದರಿಂದ ಹೇಗೋ ಹೊಂದಿಕೊಳ್ಳುತ್ತವೆ. ಕುರಿಮರಿಗೆ ಅಂತಹ ಪ್ರತಿರೂಪವೇ ಇಲ್ಲ.

ಈ ಶಂಕೆಗೆ ಎರಡು ಸಮಾಧಾನಗಳು ಸುಲಭವಾಗಿ ತೋರುತ್ತವೆ. ಕುರಿಮರಿಯು ಆಂಗ್ಲರ ಕವಿಸಮಯವೆಂಬುದು ಮೊದಲನೆಯದು. ಆಂಗ್ಲ ಕವಿಗಳು ಗ್ರಾಮಜೀವನಕ್ಕೆ ಸಮೀಪದವರು, ಭಾರತೀಯ ಕವಿಗಳು ಅರಮನೆಯನ್ನು ಆಶ್ರಯಿಸಿ ಕುರಿಹಟ್ಟಿಯನ್ನು ಕಡೆಗಣಿಸಿದವರು ಎಂಬುದು ಎರಡನೆಯದು. ಎರಡೂ ನಿಲ್ಲತಕ್ಕ ಸಮಾಧಾನಗಳಲ್ಲ. ಆಂಗ್ಲ ವಸಂತದಲ್ಲಿ ಮರಿಯಿರುವುದಕ್ಕೂ ಕನ್ನಡದ ವಸಂತದಲ್ಲಿ ಅದಿಲ್ಲದಿರುವುದಕ್ಕೂ ಕಾರಣವು ಕವಿಗಳ ರುಚಿಗಿಂತ ಮುಂಚಿನದು; ಅದು ಆಯಾ ದೇಶದ ಹಗಲಿನಲ್ಲಿಯೂ ಮೇವಿನಲ್ಲಿಯೂ ಇದೆ ಎಂಬುದನ್ನು ಮುಂದೆ ನಿರೂಪಿಸಲಾಗುವುದು.

೨

ಮೊದಲು ಕವಿಸಮಯದ ಪಕ್ಷವನ್ನು ಪರೀಕ್ಷಿಸಬೇಕು. ಶಾಸ್ತ್ರಕ್ಕೂ ಲೋಕಾನುಭವಕ್ಕೂ ಹೊಂದದಿದ್ದರೂ ಕವಿಪರಂಪರೆಯಿಂದ ಬಂದು ಕಾವ್ಯದಲ್ಲಿ ಮಾನ್ಯವಾದ ಅರ್ಥವೇ ಕವಿಸಮಯವೆಂಬುದು ‘ಕಾವ್ಯಮೀಮಾಂಸೆ’ಯಲ್ಲಿ ರಾಜಶೇಖರನು ತಳೆದ ನಿಲುವು. ಚಕೋರವು ಬೆಳದಿಂಗಳನ್ನು ಕುಡಿಯುವುದು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಅನೇಕ ಕಾಲಗಳಲ್ಲಿ ಸಂಭವಿಸುವ ಪದಾರ್ಥವನ್ನು ಒಂದೇ ಕಾಲಕ್ಕೆ ಕಟ್ಟಿಹಾಕುವ ನಿಯಮವನ್ನೂ ಅವನು ಕವಿಸಮಯದಲ್ಲಿಯೇ ಸೇರಿಸುತ್ತಾನೆ. ಕೋಗಿಲೆಯು ಗ್ರೀಷ್ಮಾದಿಗಳಲ್ಲಿ ಕೂಗಿದರೂ ಕವಿಗಳು ಅದರ ದನಿಯನ್ನು ವಸಂತದಲ್ಲಿಯೇ ವರ್ಣಿಸುವುದು ಅಂತಹ ನಿಯಮಗಳಲ್ಲೊಂದು. ಹೀಗೆ ವಿಚಾರಿಸಿದರೆ ಭಾರತೀಯ ವಸಂತದ ಕೋಗಿಲೆಯಲ್ಲಿ ಕವಿಸಮಯದ ಅಂಶವುಂಟು. ಆಂಗ್ಲ ವಸಂತದ ಕುರಿಮರಿಯಾದರೋ ಕೇವಲ ಲೋಕಸಿದ್ಧವಾದ ವಸ್ತು. ಬೇರೆ ಕಾಲದಲ್ಲಿ ಅದನ್ನು ಹುಡುಕಿದರೂ ಆ ದೇಶದ ಬಹುಪಾಲು ಹುಲ್ಲುಗಾವಲುಗಳಲ್ಲಿ ಎಳೆಯ ಮರಿ ಸಿಕ್ಕದು.

ಇದನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಕುರಿಯ ಗರ್ಭಕಾಲವು ಸುಮಾರು ೧೪೭ ದಿನ, ಎಂದರೆ ಐದು ತಿಂಗಳಿಗೆ ತುಸು ಕಡಮೆ. ನವೆಂಬರ್ ೫ನೆಯ ತಾರೀಖು ಇಂಗ್ಲೆಂಡಿನಲ್ಲಿ ಬೆಂಕಿಯುರಿಸಿ ಬಾಣಬಿರುಸು ಬಿಡುವ ಹಬ್ಬದ ದಿನ. ಅಂದು ಟಗರನ್ನು ಹಿಂಡಿಗೆ ಬಿಟ್ಟರೆ ಏಪ್ರಿಲ್ ೧ನೆಯ ತಾರೀಖು, ಮೂರ್ಖರ ದಿನವೆಂದು ಹೆಸರಾದ ದಿನ, ಮರಿಗಳು ಹುಟ್ಟತೊಡಗುವುವೆಂಬ ಎಣಿಕೆ ಅಲ್ಲಿಯ ಕುರಿಗಾರರಲ್ಲಿ ರೂಢಿಯಾಗಿದೆ. ಎಣಿಸಿ ನೋಡಿದರೆ ಎರಡರ ನಡುವೆ ೧೪೭ ದಿನಗಳೇ ಇವೆ. ತಗ್ಗುಪ್ರದೇಶದ ಹಿಂಡುಗಳಲ್ಲಿ ಟಗರನ್ನು ಇದಕ್ಕಿಂತ ಮುಂಚಿತವಾಗಿ ಬಿಡುವುದುಂಟು. ಬೆಟ್ಟದ ಹಿಂಡುಗಳು ಏಪ್ರಿಲ್ ನಡುವಿನಿಂದ ಮೇ ತಿಂಗಳವರೆಗೂ ಈಯುತ್ತವೆ. ಟಗರಿನ ಎದೆಗೆ ಬಣ್ಣವನ್ನು ಬಳಿದು, ಅದು ಕೂಡಿದ ಕುರಿಯ ಬೆನ್ನಿನ ಮೇಲೆ ಗುರುತು ಬೀಳುವಂತೆ ಮಾಡುವರು. ಕುರಿಗಳು ಹದಿನಾರು ಹದಿನೇಳು ದಿನಗಳಿಗೊಮ್ಮೆ ಬೆದೆಗೆ ಬರುವುದರಿಂದ ಆ ಅವಧಿಗೆ ಸರಿಯಾಗಿ ಬಣ್ಣವನ್ನು ಬದಲಾಯಿಸುವರು. ಯಾವ ಕುರಿ ಯಾವ ವಾರ ಈಯುವುದೆಂಬುದು ಬಣ್ಣದಿಂದಲೇ ತಿಳಿಯುತ್ತದೆ.

೩

ಟಗರನ್ನು ಬಿಡುವವನು ಮನುಷ್ಯನೇ ಆದರೂ ಕಾಲವನ್ನು ನಿಶ್ಚಯಿಸುವವನು ಅವನಲ್ಲ. ಉತ್ತರದ ಶೀತದೇಶಗಳ ಕುರಿಗಳು ಹಗಲು ಕುಗ್ಗುತ್ತ ಬಂದಾಗ ಮಾತ್ರ ಬೆದೆಗೆ ಬರುತ್ತವೆ. ಮಿದುಳಿನೊಳಗಣ ಪೀನಿಯಲ್ ಎಂಬ ಗ್ರಂಥಿಯು ರಾತ್ರಿಯ ಹೊತ್ತು ಒಂದು ರಸವನ್ನು ಸ್ರವಿಸುತ್ತದೆ. ೧೯೫೮ರಲ್ಲಿ ಆರನ್ ಲರ್ನರ್ ಮತ್ತು ಅವರ ಸಹೋದ್ಯೋಗಿಗಳು ಅದನ್ನು ಬೇರ್ಪಡಿಸಿ ಮೆಲಟೋನಿನ್ ಎಂದು ಹೆಸರಿಟ್ಟರು. ರಾತ್ರಿ ದೀರ್ಘವಾದಂತೆಲ್ಲ ಈ ರಸದ ಸ್ರಾವಕಾಲವೂ ದೀರ್ಘವಾಗುತ್ತದೆ. ಅದನ್ನೇ ಸಂಕೇತವಾಗಿ ಗ್ರಹಿಸಿ ಕುರಿಯ ದೇಹವು ಗರ್ಭಧಾರಣೆಗೆ ಸಿದ್ಧವಾಗುತ್ತದೆ. ಇದಕ್ಕೂ ಮುನ್ನವೇ, ೧೯೪೯ರಲ್ಲಿ, ಯೇಟ್ಸ್ ಎಂಬ ವಿಜ್ಞಾನಿಯು ಕೃತಕವಾದ ಬೆಳಕಿನಿಂದ ಹಗಲನ್ನು ಹಿಗ್ಗಿಸಿ ಕುಗ್ಗಿಸಿ, ಕುರಿಗಳ ಬೆದೆಯ ಕಾಲವನ್ನು ಸ್ಥಳಾಂತರಿಸಬಹುದೆಂದು ಪ್ರಯೋಗಗಳಿಂದ ತೋರಿಸಿದ್ದರು.

ಮತ್ತೊಂದು ಪ್ರಮಾಣವನ್ನು ಭೂಗೋಲವೇ ಒದಗಿಸುತ್ತದೆ. ಬ್ರಿಟನ್ನಿನ ಕುರಿಗಳನ್ನು ಸಮಭಾಜಕವೃತ್ತವನ್ನು ದಾಟಿಸಿ ನ್ಯೂಜಿಲೆಂಡಿಗೆ ಒಯ್ದಾಗ ಅವುಗಳ ಸಂತತಿಯು ಮಾರ್ಚ್ ಏಪ್ರಿಲುಗಳನ್ನು ಬಿಟ್ಟು ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಈಯತೊಡಗಿತು. ಆ ತಿಂಗಳುಗಳೇ ಅಲ್ಲಿಯ ವಸಂತ. ಪ್ರಾಣಿಯು ಅದೇ, ತಳಿಯು ಅದೇ. ಸೂರ್ಯನ ಗತಿಯೊಂದು ಬೇರೆ. ಅನ್ವಯವ್ಯತಿರೇಕಗಳಿಂದ ಕಾರಣವನ್ನು ನಿಶ್ಚಯಿಸುವವರಿಗೆ ಇದಕ್ಕಿಂತ ಹೆಚ್ಚಿನ ಪ್ರಮಾಣವು ಬೇಡ.

ಇದರ ಪ್ರಯೋಜನವೂ ಸ್ಪಷ್ಟವಾಗಿದೆ. ಶರತ್ಕಾಲದಲ್ಲಿ ಗರ್ಭಧರಿಸಿದ ಕುರಿಯು ಹುಲ್ಲು ಚಿಗುರುವ ಕಾಲಕ್ಕೆ ಸರಿಯಾಗಿ ಈಯುತ್ತದೆ. ಈದ ಮೂರು ನಾಲ್ಕು ವಾರಗಳಿಗೆ ಅದರ ಹಾಲು ಅತ್ಯಧಿಕವಾಗುವುದು. ಆಗಲೇ ಎಳಹುಲ್ಲು ದಟ್ಟವಾಗಿ ಬೆಳೆದಿರುವುದು. ಅಕಾಲದಲ್ಲಿ ಹುಟ್ಟಿದ ಮರಿಗಳು ಚಳಿಗೂ ಹಸಿವಿಗೂ ಸಿಕ್ಕಿ ಅಳಿದು, ಸಕಾಲದಲ್ಲಿ ಹುಟ್ಟಿದುವು ಉಳಿದು, ಅಸಂಖ್ಯಾತ ತಲೆಮಾರುಗಳಲ್ಲಿ ಈ ನಿಯಮವು ಕುರಿಯ ಸ್ವಭಾವದಲ್ಲಿ ನೆಲೆಗೊಂಡಿತು.

ಶಬ್ದಶಾಸ್ತ್ರವೂ ಇಲ್ಲಿ ಸಹಾಯಕ್ಕೆ ಬರುತ್ತದೆ. ಪ್ರಾಚೀನ ಆಂಗ್ಲದಲ್ಲಿ ವಸಂತಕ್ಕೆ ‘ಲೆಂಕ್ಟೆನ್’ ಎಂಬ ಹೆಸರಿತ್ತು. ಹಗಲು ಉದ್ದವಾಗುವ ಕಾಲವೆಂಬುದು ಅದರ ಅರ್ಥ. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಿಗೆ ‘ಲೆಂಟ್’ ಎಂಬ ಹೆಸರಿನಲ್ಲಿ ಆ ಶಬ್ದವು ಇಂದಿಗೂ ಉಳಿದಿದೆ. ಹಗಲಿನ ಅಳತೆಯೇ ಋತುವಿನ ಹೆಸರಾದ ನಾಡಿನಲ್ಲಿ ಹಗಲಿನ ಅಳತೆಯಿಂದ ಹುಟ್ಟಿದ ಮರಿಯು ಋತುವಿನ ಲಾಂಛನವಾದುದು ಯುಕ್ತವಾಗಿದೆ. ಹೆಣ್ಣುಕುರಿಗೆ ಆಂಗ್ಲದಲ್ಲಿರುವ ‘ಯೂ’ ಎಂಬ ಹೆಸರು ಸಂಸ್ಕೃತದ ‘ಅವಿ’ ಶಬ್ದದ ಜ್ಞಾತಿಯೆಂಬುದೂ ಇಲ್ಲಿ ಸ್ಮರಣೀಯ. ಶಬ್ದವು ಎರಡೂ ಭಾಷೆಗಳಿಗೆ ಸಮಾನ. ಋತುಸಂಬಂಧವು ಮಾತ್ರ ಸಮಾನವಲ್ಲ.

೪

ಕಾರಣವನ್ನು ತಿಳಿದ ಮೇಲೆ ಕವಿಗಳ ಹರ್ಷದ ತೂಕವು ಬೇರೆಯಾಗಿ ಕಾಣುತ್ತದೆ. ಮರಿಗಳ ಕಾಲವು ಕುರಿಗಾರನಿಗೆ ವಿನೋದದ ಕಾಲವಲ್ಲ. ಹಲವು ವಾರ ಅವನಿಗೆ ರಾತ್ರಿಯ ನಿದ್ರೆ ಇಲ್ಲ. ಈಯಲಿರುವ ಕುರಿಯು ಹಿಂಡಿನಿಂದ ಬೇರೆಯಾಗಿ, ಕಾಲಿನಿಂದ ನೆಲ ಕೆರೆದು, ಮಲಗಿ ಎದ್ದು ತಳಮಳಿಸುವುದು. ಮುಂಗಾಲುಗಳೆರಡೂ ಅವುಗಳ ಮೇಲೆ ಮೂತಿಯೂ ಮುಂದಾಗಿ ಬಂದರೆ ಕ್ಷೇಮ. ಕಾಲು ಹಿಂದಕ್ಕೆ ಮಡಿಚಿದ್ದರೆ ಕೈಯಾಡಿಸಿ ಸರಿಪಡಿಸಬೇಕು. ಹುಟ್ಟಿದ ಮರಿಯನ್ನು ತಾಯಿಯು ನೆಕ್ಕಿ ಒಣಗಿಸಿ, ಅದರ ವಾಸನೆಯನ್ನು ತನ್ನದೆಂದು ಗುರುತಿಸಿಕೊಳ್ಳುತ್ತದೆ. ಮೊದಲ ಕೆಲವು ಗಂಟೆಗಳೊಳಗೆ ಮರಿಗೆ ಗಿಣ್ಣುಹಾಲು ಸೇರಲೇಬೇಕು. ರೋಗಗಳನ್ನು ತಡೆಯುವ ಶಕ್ತಿ ಅದಕ್ಕೆ ಬರುವುದು ಆ ಹಾಲಿನಿಂದಲೇ. ಮರಿ ಸತ್ತ ತಾಯಿಗೆ ತಬ್ಬಲಿ ಮರಿಯನ್ನು ಅಂಟಿಸುವ ಒಂದು ಹಳೆಯ ಉಪಾಯವಿದೆ: ಸತ್ತ ಮರಿಯ ತೊಗಲನ್ನು ಸುಲಿದು ತಬ್ಬಲಿಗೆ ಅಂಗಿಯಂತೆ ತೊಡಿಸುವರು, ತಾಯಿಯು ಮೂಸಿ, ತನ್ನದೆಂದು ತಿಳಿದು, ಹಾಲೂಡುವುದು.

ಇಷ್ಟಾದರೂ ಆ ದೇಶದ ವಸಂತವು ನಂಬತಕ್ಕುದಲ್ಲ. ಮಾರ್ಚ್ ತಿಂಗಳಲ್ಲಿಯೂ ಹಿಮ ಸುರಿಯುವುದುಂಟು. ೨೦೧೩ರ ಮಾರ್ಚಿನಲ್ಲಿ ಬ್ರಿಟನ್ನಿನಲ್ಲಿ ಹಿಮದ ರಾಶಿಗಳಡಿಯಲ್ಲಿ ಹೂತುಹೋಗಿ ಅನೇಕ ಕುರಿಗಳೂ ಮರಿಗಳೂ ಸತ್ತುವು. ಇಂತಹ ವಾರಗಳನ್ನು ದಾಟಿ ಬದುಕಿದ ಮರಿಗಳು ಎರಡು ಮೂರು ವಾರಗಳಲ್ಲಿ ಗುಂಪುಗೂಡಿ, ಸಂಜೆಯ ಬಿಸಿಲಿನಲ್ಲಿ ದಿಬ್ಬವನ್ನೇರಿ ಇಳಿದು, ನಾಲ್ಕು ಕಾಲುಗಳನ್ನೂ ಒಮ್ಮೆಗೇ ನೆಲದಿಂದೆತ್ತಿ ನೆಗೆಯತೊಡಗುತ್ತವೆ. ವರ್ಡ್ಸ್‌ವರ್ತನ ಸರೋವರಪ್ರಾಂತವು ಬೆಟ್ಟದ ಸೀಮೆ. ಅಲ್ಲಿಯ ಹಿಂಡುಗಳು ಏಪ್ರಿಲ್ ನಡುವಿನಿಂದ ಈಯುವುವೆಂದ ಮೇಲೆ ಮರಿಗಳು ನೆಗೆದಾಡುವ ತಿಂಗಳು ಮೇ ಎಂಬುದು ಲೆಕ್ಕಕ್ಕೆ ಸರಿಯಾಗಿಯೇ ಬರುತ್ತದೆ. ಕವಿಯು ಕಂಡುದನ್ನೇ ಹೇಳಿದ್ದಾನೆ. ಮರಣವನ್ನು ದಾಟಿ ಬಂದ ಪ್ರಾಣವೆಂಬುದರಿಂದಲೇ ಆ ನೆಗೆತವು ಅಮೃತತ್ವವನ್ನು ಕುರಿತ ಕವಿತೆಯಲ್ಲಿ ಶೋಭಿಸುತ್ತದೆ.

ಅಪವಾದವೂ ನಿಯಮವನ್ನೇ ದೃಢಪಡಿಸುತ್ತದೆ. ಥಾಮಸ್ ಹಾರ್ಡಿಯ ‘ಫಾರ್ ಫ್ರಂ ದಿ ಮ್ಯಾಡಿಂಗ್ ಕ್ರೌಡ್’ (೧೮೭೪) ಕಾದಂಬರಿಯ ಆರಂಭದಲ್ಲಿ ಕುರಿಗಾಹಿ ಗೇಬ್ರಿಯಲ್ ಓಕನು ಎಳೆಯ ಮರಿಯನ್ನು ಒಲೆಯ ಬಳಿ ಕಾಯಿಸುವುದು ಡಿಸೆಂಬರಿನಲ್ಲಿ, ವರ್ಷದಲ್ಲೆಲ್ಲ ಹಗಲು ಅತ್ಯಲ್ಪವಾದ ಸಮಯದಲ್ಲಿ. ಹಾರ್ಡಿಯು ಡಾರ್ಸೆಟ್ ಸೀಮೆಯವನು. ಆ ಸೀಮೆಯ ಕೊಂಬಿನ ಕುರಿತಳಿಯು ಋತುನಿಯಮವನ್ನು ಮೀರಿ ಬೇಗನೆ ಬೆದೆಗೆ ಬರುವುದಕ್ಕೆ ಪ್ರಸಿದ್ಧವಾದುದು. ಇಲ್ಲಿಯೂ ಸಾಹಿತ್ಯವು ಸ್ಥಳದ ಸತ್ಯವನ್ನೇ ಅನುಸರಿಸಿದೆ.

ಕಾಲದಂತೆ ದೇಶವೂ ಮರಿಗೆ ತಾಯಿಯಿಂದಲೇ ಬರುತ್ತದೆ. ಸರೋವರಪ್ರಾಂತದ ಬೆಟ್ಟಗಳಲ್ಲಿ ಬೇಲಿಯಿಲ್ಲ. ತಾಯಿಯೊಡನೆ ಮೇಯುತ್ತ ಮರಿಯು ತನ್ನ ಹಿಂಡಿನ ಎಲ್ಲೆಯನ್ನು ಕಲಿತು, ಮುಂದೆ ತನ್ನ ಮರಿಗೆ ಕಲಿಸುವುದು. ೨೦೦೧ರ ಕಾಲುಬಾಯಿ ರೋಗದ ಹಾವಳಿಯಲ್ಲಿ ಬ್ರಿಟನ್ನಿನಲ್ಲಿ ಅರುವತ್ತು ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದಾಗ ಇಂತಹ ಹಿಂಡುಗಳನ್ನು ಕುರಿತು ಹುಟ್ಟಿದ ಆತಂಕವು ವಿಶೇಷವಾದುದು. ಕುರಿಗಳನ್ನು ಮರಳಿ ಕೊಳ್ಳಬಹುದು, ನೆಲದ ನೆನಪನ್ನು ಕೊಳ್ಳಲಾಗದು.

೫

ಇನ್ನು ಕನ್ನಡನಾಡಿಗೆ ಬರಬಹುದು. ಲಂಡನ್ನಿನಲ್ಲಿ ಅತಿ ದೀರ್ಘವಾದ ಹಗಲು ಸುಮಾರು ಹದಿನಾರೂವರೆ ಗಂಟೆ, ಅತಿ ಹ್ರಸ್ವವಾದುದು ಎಂಟು ಗಂಟೆಗೂ ಕಡಮೆ. ಬೆಂಗಳೂರಿನಲ್ಲಿ ಮೊದಲನೆಯದು ಹದಿಮೂರು ಗಂಟೆಗೆ ತುಸು ಕಡಮೆ, ಎರಡನೆಯದು ಹನ್ನೊಂದು ಗಂಟೆಗೆ ತುಸು ಹೆಚ್ಚು. ಅಲ್ಲಿ ಒಂಬತ್ತು ಗಂಟೆಗಳಷ್ಟು ಅಂತರವಾದರೆ ಇಲ್ಲಿ ಸುಮಾರು ಒಂದೂವರೆ ಗಂಟೆ. ಇಷ್ಟು ಸ್ವಲ್ಪವಾದ ಅಂತರವುಳ್ಳ ನಾಡಿನ ಕುರಿಯು ಹಗಲಿನ ಆಜ್ಞೆಗೆ ಅಷ್ಟಾಗಿ ಒಳಗಾಗಿಲ್ಲ. ಬಳ್ಳಾರಿ, ದಖನಿ ಮೊದಲಾದ ತಳಿಗಳ ಕುರಿಗಳು ಮೇವು ಚೆನ್ನಾಗಿದ್ದರೆ ವರ್ಷದ ಬೇರೆ ಬೇರೆ ಕಾಲಗಳಲ್ಲಿ ಬೆದೆಗೆ ಬರಬಲ್ಲವು. ಇಲ್ಲಿ ಆಜ್ಞೆ ಮಾಡುವುದು ಮಳೆ. ಮುಂಗಾರು ಹಿಡಿದು ಹೊಸ ಹುಲ್ಲು ಬಂದಾಗ ಕುರಿಗಳು ಮೈದುಂಬಿ ಗಬ್ಬವಾಗುತ್ತವೆ. ಆಷಾಢದಿಂದ ಐದು ತಿಂಗಳನ್ನು ಎಣಿಸಿದರೆ ಕಾರ್ತಿಕ ಮಾರ್ಗಶಿರಗಳು ಬರುತ್ತವೆ. ಮರಿಗಳ ಮುಖ್ಯವಾದ ಕಾಲಗಳಲ್ಲೊಂದು ಅದೇ.

ಆ ಕಾಲದಲ್ಲಿ ಮೇವು ಇನ್ನೂ ಬತ್ತಿರುವುದಿಲ್ಲ. ಕೊಯ್ಲಾದ ಹೊಲಗಳು ಒಂದೊಂದಾಗಿ ಹಿಂಡಿಗೆ ತೆರೆಯುತ್ತವೆ. ರೈತನ ಹೊಲದಲ್ಲಿ ಕುರಿಗಳನ್ನು ರಾತ್ರಿ ತಂಗಿಸಿ, ಗೊಬ್ಬರಕ್ಕೆ ಪ್ರತಿಯಾಗಿ ಕಾಳನ್ನೋ ಹಣವನ್ನೋ ಕುರುಬರು ಪಡೆಯುವರು. ವಲಸೆಯ ಹಿಂಡಿನಲ್ಲಿ ನಡೆಯಲಾರದ ಎಳೆಯ ಮರಿಗಳು ಕುದುರೆ ಕತ್ತೆಗಳ ಬೆನ್ನೇರಿ ಸಾಗುತ್ತವೆ. ತಾಯಿಗಳು ಮೇಯಲು ಹೋದಾಗ ಮರಿಗಳು ಬೀಡಿನಲ್ಲಿಯೇ ಉಳಿದು, ಸಂಜೆ ಹಿಂಡು ಮರಳಿದೊಡನೆ ನೂರಾರು ಕೊರಳುಗಳ ನಡುವೆ ತನ್ನ ತಾಯಿಯ ದನಿಯನ್ನು ಗುರುತಿಸಿ ಓಡುವುವು. ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ದೀಪಾವಳಿಗೆ ಹಟ್ಟಿಹಬ್ಬವೆಂಬ ಹೆಸರಿರುವುದನ್ನು ಇಲ್ಲಿ ಗಮನಿಸಬೇಕು. ಹಟ್ಟಿಯ ಸಮೃದ್ಧಿಯನ್ನು ಜನರು ಕೊಂಡಾಡುವ ಕಾಲವು ಚೈತ್ರವಲ್ಲ, ಕಾರ್ತಿಕದ ಹೊಸ್ತಿಲು.

ಚೈತ್ರ ವೈಶಾಖಗಳಲ್ಲಾದರೋ ಬಯಲುಸೀಮೆಯ ಹುಲ್ಲು ಸುಟ್ಟಂತಾಗಿ, ಕೆರೆಗಳು ತಳ ಕಾಣುತ್ತವೆ. ಆಗ ಈದ ಕುರಿಯ ಕೆಚ್ಚಲಿನಲ್ಲಿ ಹಾಲು ಸಾಲದು. ಬೇರು ಆಳವಾದ ಮಾವು, ಬೇವು, ಹೊಂಗೆ, ಮುತ್ತುಗಗಳು ಮಾತ್ರ ಆ ಬೇಗೆಯಲ್ಲಿಯೂ ಚಿಗುರಿ ಹೂವಾಗುತ್ತವೆ. ಇಲ್ಲಿಯ ವಸಂತವು ಮರದ ವಸಂತ. ಆಂಗ್ಲರ ವಸಂತವು ಹುಲ್ಲಿನ ವಸಂತವೂ ಹೌದು. ಭಾರತೀಯ ಕವಿಗಳು ಕೊಂಬೆಯ ಕಡೆಗೆ ತಲೆಯೆತ್ತಿ ನೋಡಿದುದು ಅರಮನೆಯ ಮೋಹದಿಂದ ಮಾತ್ರವಲ್ಲ. ನೋಡತಕ್ಕುದು ಅಲ್ಲಿಯೇ ಇದ್ದಿತು. ಹೀಗೆ ಎರಡನೆಯ ಪೂರ್ವಪಕ್ಷವೂ ಬಿದ್ದುಹೋಗುವುದು. ಹಳಗನ್ನಡದಲ್ಲಿ ‘ಸುಗ್ಗಿ’ ಎಂಬ ಮಾತಿಗೆ ವಸಂತವೆಂಬ ಅರ್ಥವೂ ಉಂಟು. ಕನ್ನಡದ ಜನವು ಆ ಋತುವನ್ನು ಕೊಯ್ಲು ಕಣಗಳೊಡನೆ ನೆನೆಯಿತೇ ಹೊರತು ಮರಿಗಳೊಡನೆ ನೆನೆಯಲಿಲ್ಲ.

೬

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಪಂಚಾಂಗದಲ್ಲಿ ಸೌರವಸಂತವು ಮೀನ ಮೇಷಗಳ ಕಾಲವೆಂದು ಪ್ರಸಿದ್ಧವಾಗಿದೆ, ಮೇಷವೆಂದರೆ ಟಗರು, ಆದುದರಿಂದ ಭಾರತದಲ್ಲಿಯೂ ವಸಂತಕ್ಕೂ ಕುರಿಗೂ ನಂಟು ಇದ್ದಿತಲ್ಲವೆ, ಎಂದು. ಇದು ಯುಕ್ತವಲ್ಲ. ಮೇಷಾದಿ ರಾಶಿಗಳ ಹೆಸರುಗಳು ಯವನರ ಜ್ಯೋತಿಷದ ಸಂಪರ್ಕದಿಂದ ಈ ದೇಶಕ್ಕೆ ಬಂದುವು. ಆರನೆಯ ಶತಮಾನದ ವರಾಹಮಿಹಿರನು ‘ಬೃಹಜ್ಜಾತಕ’ದಲ್ಲಿ ಮೇಷಕ್ಕೆ ಕೊಡುವ ‘ಕ್ರಿಯ’ ಎಂಬ ಪರ್ಯಾಯನಾಮವು ಟಗರೆಂಬರ್ಥದ ಗ್ರೀಕ್ ಶಬ್ದದ ರೂಪಾಂತರ. ಅದಕ್ಕೂ ಬಹು ಪ್ರಾಚೀನವಾದ ತೈತ್ತಿರೀಯ ಸಂಹಿತೆಯಲ್ಲಿ ವಸಂತದ ಎರಡು ತಿಂಗಳುಗಳಿಗೆ ಮಧು, ಮಾಧವ ಎಂದು ಹೆಸರು. ಜೇನಿನಿಂದ ಹೆಸರು ಪಡೆದ ಋತುವಿನಲ್ಲಿ ಹೂವು ತುಂಬಿಗಳೇ ಪ್ರಧಾನವಾದುದು ಸಹಜವಷ್ಟೆ.

೭

ಭಾಮಹನೂ ದಂಡಿಯೂ ಕಾವ್ಯದೋಷಗಳನ್ನು ಗಣಿಸುವಾಗ ದೇಶವಿರೋಧ ಕಾಲವಿರೋಧಗಳನ್ನು ಹೇಳಿದ್ದಾರೆ. ಒಂದು ನಾಡಿನಲ್ಲಿಲ್ಲದುದನ್ನು ಅಲ್ಲಿ ಇದೆಯೆಂದೂ, ಒಂದು ಋತುವಿನಲ್ಲಾಗದುದನ್ನು ಆಗ ಆಯಿತೆಂದೂ ಹೇಳುವುದು ದೋಷ. ಈ ಲಕ್ಷಣವನ್ನು ಪ್ರಕೃತಕ್ಕೆ ಅನ್ವಯಿಸಿದರೆ ಮೂರು ನಿರ್ಣಯಗಳು ದೊರೆಯುತ್ತವೆ.

ಮೊದಲನೆಯದು: ಆಂಗ್ಲ ಮೂಲದಲ್ಲಿ ಕುರಿಮರಿಯು ದೇಶಕಾಲಗಳೆರಡಕ್ಕೂ ಒಪ್ಪಿದ ವಸ್ತು, ಅದನ್ನು ಅಲಂಕಾರವೆಂದು ತಳ್ಳಿಹಾಕುವ ಪಾಠವು ಕವಿಗೆ ಅನ್ಯಾಯ ಮಾಡುತ್ತದೆ. ಎರಡನೆಯದು: ಅನುವಾದದಲ್ಲಿ ಅದು ಉಳಿಯತಕ್ಕುದೇ. ಅನುವಾದವು ಇನ್ನೊಂದು ನಾಡಿನ ಋತುವನ್ನು ತೋರಿಸುವ ಕಿಟಕಿಯಾದುದರಿಂದ ಅಲ್ಲಿ ವಿರೋಧವೇ ಇಲ್ಲ. ಆದರೆ ‘ವಸಂತ’ವೆಂಬ ಒಂದೇ ಹೆಸರಿನಡಿಯಲ್ಲಿ ಎರಡು ಋತುಗಳಿವೆಯೆಂಬುದನ್ನು ಅಧ್ಯಾಪಕನು ಬಿಡಿಸಿ ಹೇಳಬೇಕು. ಹಗಲಿನ ಅಳತೆ, ಗರ್ಭಕಾಲದ ಲೆಕ್ಕ, ಹುಲ್ಲಿನ ಚಿಗುರು, ಈ ಮೂರನ್ನು ಹೇಳಿದರೆ ಸಾಕು. ಮರಿಯು ತಾನಾಗಿಯೇ ಅರ್ಥವಾಗುವುದು. ಮೂರನೆಯದು: ಕನ್ನಡದ ಸ್ವತಂತ್ರ ಕವಿಯು ಮಾವು ಕೋಗಿಲೆಗಳ ಚೈತ್ರವನ್ನು ವರ್ಣಿಸುತ್ತ, ಓದಿನ ಸಂಸ್ಕಾರದಿಂದ ಅಲ್ಲಿಗೆ ನಲಿಯುವ ಮರಿಗಳ ಹಿಂಡನ್ನೂ ತಂದರೆ ವಿರೋಧವು ತಪ್ಪದು. ಕವಿಯ ಕೌಶಲದಿಂದ ಇಂತಹ ವಿರೋಧವೂ ಒಮ್ಮೊಮ್ಮೆ ಗುಣವಾಗಬಹುದೆಂದು ದಂಡಿಯೇ ಒಪ್ಪಿದ್ದಾನೆ. ಆದರೆ ಅರಿತು ಮಾಡಿದಲ್ಲಿ ಅದು ಕೌಶಲ, ಅರಿಯದೆ ಮಾಡಿದಲ್ಲಿ ಬರಿಯ ಅನುಕರಣ.

ಇವುಗಳಿಂದ ಒಂದು ಕರ್ತವ್ಯವೂ ಹೊರಡುತ್ತದೆ. ಅಮರಸಿಂಹನು ಕುರಿಯ ಪರ್ಯಾಯನಾಮಗಳನ್ನು ವೈಶ್ಯವರ್ಗದಲ್ಲಿ, ದನಕರುಗಳ ಸಾಲಿನಲ್ಲಿ, ಪಟ್ಟಿಮಾಡಿದ್ದಾನೆ. ಋತುವರ್ಣನೆಯ ಪರಂಪರೆಯು ಅವುಗಳ ಮರಿಗಳಿಗೆ ಒಂದು ಋತುವನ್ನು ಕೊಡಲಿಲ್ಲ. ಕುರುಬರ ಬಾಯಲ್ಲಿರುವ ಮಾತುಗಳನ್ನು, ಗಬ್ಬ, ಬೆದೆ, ಗಿಣ್ಣು, ಮಂದೆ, ಹಟ್ಟಿ, ರೊಪ್ಪ, ತಬ್ಬಲಿ ಮೊದಲಾದುವನ್ನು, ಋತುಕ್ರಮದಲ್ಲಿಟ್ಟು ಸಂಗ್ರಹಿಸಿದರೆ ಕನ್ನಡಕ್ಕೆ ತನ್ನದೇ ಆದ ಒಂದು ಮರಿಗಳ ಕಾಲವು ದೊರೆಯುವುದು. ಅದು ಕೋಗಿಲೆಯ ಕಾಲವಾಗಿರದೆ, ಅವರೆಯ ಹೂವು ಅರಳುವ, ಇಬ್ಬನಿ ಬೀಳುವ, ಕಂಬಳಿ ಹೊದೆಯುವ ಕಾಲವಾಗಿರುವುದು. ಆಂಗ್ಲ ವಸಂತದ ಮರಿಯನ್ನು ಸರಿಯಾಗಿ ಓದಿದವನು ಕನ್ನಡದ ಮರಿಯನ್ನು ಹೇಮಂತದ ಬಾಗಿಲಿನಲ್ಲಿ ಹುಡುಕತಕ್ಕುದು.